ಟೈಟ್ರೇಷನ್ ಪ್ರಯೋಗ ಹೇಗೆ ಮಾಡಬೇಕು, ಲೆಕ್ಕ ಹೇಗೆ ಹಾಕಬೇಕು? ಪಿಯು ಲ್ಯಾಬ್‌ನಿಂದ ನಾಗ್ಪುರದ ‘ನೀರಿ’ ಸಂಸ್ಥೆಯವರೆಗೆ ಒಂದೇ ವಿಧಾನ

ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಎಂದರೆ 30 ಅಂಕ. ಬ್ಯುರೆಟ್, ಪಿಪೆಟ್, ಗುಲಾಬಿ ಬಣ್ಣ, ಮೂರು ರೀಡಿಂಗ್, ಒಂದು ಸೂತ್ರ. ಪರೀಕ್ಷೆ ಮುಗಿದ ಮೇಲೆ ಇದೆಲ್ಲ ಎಲ್ಲಿ ಬಳಕೆಗೆ ಬರುತ್ತದೆ ಎಂಬ ಪ್ರಶ್ನೆ ಬಹುತೇಕ ವಿದ್ಯಾರ್ಥಿಗಳಲ್ಲಿ ಇದ್ದೇ ಇರುತ್ತದೆ. ಉತ್ತರ ಮನೆಯ ಕುಡಿಯುವ ನೀರಿನಲ್ಲೇ ಇದೆ. ನೀರಿನ ಗಡಸುತನ, ಕ್ಷಾರೀಯತೆಗಳನ್ನು ಅಳೆಯುವುದು ಇದೇ ಬ್ಯುರೆಟ್‌ನಿಂದ. ಫ್ಲೋರೈಡ್ ಇರುವ ನೀರನ್ನು ಶುದ್ಧೀಕರಿಸಲು ನಾಗ್ಪುರದ ‘ನೀರಿ’ ಸಂಸ್ಥೆ ರೂಪಿಸಿದ ವಿಧಾನದಲ್ಲೂ ಎಷ್ಟು ಆಲಂ ಹಾಕಬೇಕು ಎಂದು ನಿರ್ಧರಿಸುವಾಗ ಟೈಟ್ರೇಷನ್‌ನಲ್ಲಿ ಸಿಗುವ ಒಂದು ಸಂಖ್ಯೆ ಬೇಕೇ ಬೇಕು.

ಹಾಗಾದರೆ ಟೈಟ್ರೇಷನ್ ಎಂದರೇನು? ಹಂತ ಹಂತವಾಗಿ ಹೇಗೆ ಮಾಡಬೇಕು? ಎಲ್ಲಿ ತಪ್ಪಾಗುತ್ತದೆ, ತಪ್ಪಾದರೆ ಉತ್ತರ ಯಾವ ಕಡೆ ವಾಲುತ್ತದೆ? ಇಲ್ಲಿದೆ ಸಂಪೂರ್ಣ ಮಾಹಿತಿ.

ಟೈಟ್ರೇಷನ್ ಎಂದರೇನು?

ಸಾರತೆ ಗೊತ್ತಿರುವ ಒಂದು ದ್ರಾವಣವನ್ನು ಬಳಸಿ, ಸಾರತೆ ಗೊತ್ತಿಲ್ಲದ ಇನ್ನೊಂದು ದ್ರಾವಣವನ್ನು ಅಳೆಯುವುದೇ ಟೈಟ್ರೇಷನ್. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಅನುಮಾಪನ ಎಂಬ ಹೆಸರೂ ಇದೆ. ಎರಡೂ ದ್ರಾವಣಗಳು ಪೂರ್ತಿಯಾಗಿ ವರ್ತಿಸಿ ಮುಗಿದ ಕ್ಷಣವನ್ನು ಬಣ್ಣದ ಬದಲಾವಣೆಯಿಂದ ಗುರುತಿಸಲಾಗುತ್ತದೆ. ಇದು ಎಂಡ್ ಪಾಯಿಂಟ್, ಅಂದರೆ ಅಂತ್ಯಬಿಂದು. ಆವರೆಗೆ ಎಷ್ಟು ಮಿ.ಲೀ. ಖರ್ಚಾಯಿತು ಎಂಬುದೊಂದೇ ನಾವು ಅಳೆಯುವ ಸಂಖ್ಯೆ. ಉಳಿದದ್ದೆಲ್ಲ ಲೆಕ್ಕ. ಆ ಒಂದು ಸಂಖ್ಯೆ ತಪ್ಪಾದರೆ ಮುಂದಿನ ಲೆಕ್ಕ ಎಷ್ಟೇ ಸರಿ ಇದ್ದರೂ ಉತ್ತರ ತಪ್ಪು.

ಮೊದಲ ಹಂತ: ಸ್ಟ್ಯಾಂಡರ್ಡ್ ದ್ರಾವಣ ತಯಾರಿ

ಸಾರತೆ ಖಚಿತವಾಗಿ ಗೊತ್ತಿರುವ ದ್ರಾವಣವೇ ಸ್ಟ್ಯಾಂಡರ್ಡ್ ದ್ರಾವಣ. ಪಿಯು ಲ್ಯಾಬ್‌ನಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು ಆಕ್ಸಾಲಿಕ್ ಆಮ್ಲ. ಇದರ ಹರಳು ಗಾಳಿಯಲ್ಲಿ ಸುಲಭವಾಗಿ ಕೆಡುವುದಿಲ್ಲ, ಆದ್ದರಿಂದ ತೂಗಿದ ತೂಕವನ್ನು ನಂಬಬಹುದು. ಸೋಡಿಯಂ ಹೈಡ್ರಾಕ್ಸೈಡ್ ಹಾಗಲ್ಲ. ಅದು ತೂಗುತ್ತಿರುವಾಗಲೇ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟ್‌ನಲ್ಲೂ ಮ್ಯಾಂಗನೀಸ್ ಡೈಆಕ್ಸೈಡ್ ಅಂಶ ಸೇರಿರುವುದರಿಂದ ಅದನ್ನು ತೂಗಿ ನೇರವಾಗಿ ಸ್ಟ್ಯಾಂಡರ್ಡ್ ದ್ರಾವಣ ಮಾಡಲು ಆಗುವುದಿಲ್ಲ.

ಬೇಕಾದ ತೂಕ ಕಂಡುಹಿಡಿಯುವ ಸೂತ್ರ:

ತೂಕ (ಗ್ರಾಂ) = ಮೋಲಾರಿಟಿ × ಮೋಲಾರ್ ದ್ರವ್ಯರಾಶಿ × ಗಾತ್ರ (ಲೀಟರ್)

ಉದಾಹರಣೆಗೆ, 0.05 ಮೋಲಾರ್ ಆಕ್ಸಾಲಿಕ್ ಆಮ್ಲ 250 ಮಿ.ಲೀ. ಬೇಕು ಎಂದಿಟ್ಟುಕೊಳ್ಳೋಣ. ಹರಳಿನಲ್ಲಿರುವ ಎರಡು ನೀರಿನ ಅಣುಗಳೂ ಸೇರಿ ಅದರ ಮೋಲಾರ್ ದ್ರವ್ಯರಾಶಿ 126.

0.05 × 126 × 0.250 = 1.575 ಗ್ರಾಂ

ಇಲ್ಲಿ ಹಲವರು ನೀರಿನ ಅಣುಗಳನ್ನು ಮರೆತು 90 ಎಂದು ತೆಗೆದುಕೊಳ್ಳುತ್ತಾರೆ. ಆಗ ತೂಗುವುದು 1.125 ಗ್ರಾಂ ಮಾತ್ರ. ದ್ರಾವಣದ ನಿಜವಾದ ಸಾರತೆ ಸುಮಾರು 0.0357 ಮೋಲಾರ್‌ಗೆ ಇಳಿಯುತ್ತದೆ. ಬಾಟಲಿಯ ಮೇಲೆ ಮಾತ್ರ 0.05 ಎಂದೇ ಬರೆದಿರುತ್ತದೆ.

ತೂಗಿದ ಹರಳನ್ನು ಫನೆಲ್ ಮೂಲಕ ಸ್ಟ್ಯಾಂಡರ್ಡ್ ಫ್ಲಾಸ್ಕ್‌ಗೆ ಹಾಕಿ, ವಾಚ್ ಗ್ಲಾಸ್‌ಗೆ ಅಂಟಿದ ಪುಡಿಯನ್ನೂ ಡಿಸ್ಟಿಲ್ಡ್ ವಾಟರ್‌ನಿಂದ ತೊಳೆದು ಒಳಗೆ ಸೇರಿಸಬೇಕು. ಸ್ವಲ್ಪ ನೀರಿನಲ್ಲಿ ಪೂರ್ತಿ ಕರಗಿದ ನಂತರವೇ ಗೆರೆಯವರೆಗೆ ನೀರು ತುಂಬಬೇಕು. ಕೊನೆಯ ಹನಿಗಳನ್ನು ಡ್ರಾಪರ್‌ನಿಂದ ಹಾಕಿ, ಮುಚ್ಚಳ ಹಾಕಿ, ಹಲವು ಬಾರಿ ತಲೆಕೆಳಗು ಮಾಡಿ ಬೆರೆಸಬೇಕು. ಬೆರೆಸದಿದ್ದರೆ ಮೇಲೆ ತೆಳು, ಕೆಳಗೆ ದಪ್ಪ ದ್ರಾವಣ ಉಳಿಯುತ್ತದೆ.

ಎರಡನೇ ಹಂತ: ಯಾವುದನ್ನು ಯಾವುದರಿಂದ ತೊಳೆಯಬೇಕು?

ವೈವಾದಲ್ಲಿ ತಪ್ಪದೇ ಬರುವ ಪ್ರಶ್ನೆ ಇದು. ಉತ್ತರವನ್ನು ಬಾಯಿಪಾಠ ಮಾಡುವ ಬದಲು ಕಾರಣ ತಿಳಿದರೆ ಮರೆಯುವುದಿಲ್ಲ.

- ಬ್ಯುರೆಟ್: ಮೊದಲು ನೀರು, ನಂತರ ಅದರಲ್ಲಿ ತುಂಬಲಿರುವ ದ್ರಾವಣದಿಂದಲೇ ತೊಳೆಯಬೇಕು. ಇಲ್ಲವಾದರೆ ಒಳಗೆ ಉಳಿದ ನೀರು ದ್ರಾವಣವನ್ನು ತೆಳುಗೊಳಿಸುತ್ತದೆ.
- ಪಿಪೆಟ್: ಇದಕ್ಕೂ ಅದೇ ನಿಯಮ. ತಾನು ಎಳೆಯಲಿರುವ ದ್ರಾವಣದಿಂದ ತೊಳೆಯಬೇಕು.
- ಕೋನಿಕಲ್ ಫ್ಲಾಸ್ಕ್: ಡಿಸ್ಟಿಲ್ಡ್ ವಾಟರ್ ಮಾತ್ರ. ಇಲ್ಲಿ ಮುಖ್ಯವಾಗುವುದು ಪಿಪೆಟ್‌ನಿಂದ ಬಂದ ಮೋಲ್‌ಗಳ ಸಂಖ್ಯೆ. ನೀರು ಎಷ್ಟಿದ್ದರೂ ಆ ಸಂಖ್ಯೆ ಬದಲಾಗದು. ದ್ರಾವಣದಿಂದ ತೊಳೆದರೆ ಮೋಲ್‌ಗಳು ಹೆಚ್ಚಾಗುತ್ತವೆ.

ಬ್ಯುರೆಟ್ ತುಂಬಿದ ನಂತರ ಫನೆಲ್ ತೆಗೆಯಬೇಕು. ಕೆಳಗಿನ ಮೂತಿಯಲ್ಲಿ ಗಾಳಿಗುಳ್ಳೆ ಇದ್ದರೆ ನಲ್ಲಿಯನ್ನು ಒಮ್ಮೆ ಪೂರ್ತಿ ತಿರುಗಿಸಿ ಹೊರಹಾಕಬೇಕು. ಪಿಪೆಟ್‌ಗೆ ಬಾಯಿ ಹಾಕಿ ಎಳೆಯುವುದು ಬೇಡ. ಆಕ್ಸಾಲಿಕ್ ಆಮ್ಲ ವಿಷಕಾರಿ, ರಬ್ಬರ್ ಬಲ್ಬ್ ಬಳಸಬೇಕು. ಪಿಪೆಟ್ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಬಾರದು. ಆ ಹನಿ ಉಳಿಯುತ್ತದೆ ಎಂದು ಲೆಕ್ಕ ಹಾಕಿಯೇ ಪಿಪೆಟ್‌ನ ಗೆರೆ ಹಾಕಿರುತ್ತಾರೆ.

ಮೂರನೇ ಹಂತ: ಪರ್ಮಾಂಗನೇಟ್ ಟೈಟ್ರೇಷನ್

10 ಮಿ.ಲೀ. ಆಕ್ಸಾಲಿಕ್ ಆಮ್ಲವನ್ನು ಪಿಪೆಟ್‌ನಿಂದ ಕೋನಿಕಲ್ ಫ್ಲಾಸ್ಕ್‌ಗೆ ಹಾಕಿ, ದುರ್ಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಸುಮಾರು 60 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಬೇಕು. ಬಳಿಕ ಬ್ಯುರೆಟ್‌ನಿಂದ ಪರ್ಮಾಂಗನೇಟ್ ಬಿಡಬೇಕು. ಈ ಪ್ರತಿ ಹೆಜ್ಜೆಗೂ ಕಾರಣ ಇದೆ.

ಸಲ್ಫ್ಯೂರಿಕ್ ಆಮ್ಲವೇ ಏಕೆ? ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪರ್ಮಾಂಗನೇಟ್ ಅದನ್ನೇ ಉತ್ಕರ್ಷಿಸಿ ಕ್ಲೋರಿನ್ ಮಾಡುತ್ತದೆ. ನೈಟ್ರಿಕ್ ಆಮ್ಲ ಸ್ವತಃ ಉತ್ಕರ್ಷಕ. ಸಲ್ಫ್ಯೂರಿಕ್ ಆಮ್ಲ ಎರಡೂ ಕಡೆ ತಲೆ ಹಾಕುವುದಿಲ್ಲ.

ಬಿಸಿ ಏಕೆ? ತಣ್ಣಗಿದ್ದರೆ ಕ್ರಿಯೆ ತೀರಾ ನಿಧಾನ. ಕುದಿಸಿದರೆ ಆಕ್ಸಾಲಿಕ್ ಆಮ್ಲವೇ ವಿಭಜನೆಯಾಗುತ್ತದೆ. ಬಿಸಿ ಮಾಡಿದರೂ ಮೊದಲ ಕೆಲವು ಹನಿಗಳ ಬಣ್ಣ ಹೋಗಲು ಸಮಯ ಹಿಡಿಯುತ್ತದೆ. ಆಗ ಗಾಬರಿ ಬೇಡ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ವೇಗವರ್ಧಕವಾಗಿ ಕೆಲಸ ಮಾಡುವುದರಿಂದ ನಂತರ ಬಣ್ಣ ಬೇಗ ಹೋಗುತ್ತದೆ.

ಸೂಚಕ ಏಕೆ ಬೇಡ? ಪರ್ಮಾಂಗನೇಟ್‌ನ ನೇರಳೆ ಬಣ್ಣವೇ ಸೂಚಕ. ಒಂದು ಹನಿ ಹೆಚ್ಚಾದ ಕೂಡಲೇ ತಿಳಿ ಗುಲಾಬಿ ಬಣ್ಣ ಬಂದು ಉಳಿಯುತ್ತದೆ. ಅದೇ ಅಂತ್ಯಬಿಂದು. ಗಾಢ ಗುಲಾಬಿ ಬಂದರೆ ದಾಟಿ ಹೋಗಿದೆ ಎಂದರ್ಥ. ಕಂದು ಬಣ್ಣದ ಕೆಸರು ಕಂಡರೆ ಆಮ್ಲ ಸಾಲದು ಅಥವಾ ಪರ್ಮಾಂಗನೇಟ್ ಬಿಟ್ಟ ವೇಗ ಹೆಚ್ಚಾಯಿತು ಎಂದರ್ಥ. ಆ ಪ್ರಯೋಗ ಬಿಟ್ಟು ಹೊಸದಾಗಿ ಆರಂಭಿಸುವುದೇ ಸರಿ.

ರೀಡಿಂಗ್ ಎಲ್ಲಿ ನೋಡಬೇಕು? ಬಣ್ಣವಿಲ್ಲದ ದ್ರಾವಣವಾದರೆ ಬಾಗಿದ ಮೇಲ್ಮೈಯ ಕೆಳ ಅಂಚು. ಪರ್ಮಾಂಗನೇಟ್ ಗಾಢ ಬಣ್ಣದ್ದಾದ್ದರಿಂದ ಮೇಲಿನ ಅಂಚು. ಎರಡರಲ್ಲೂ ಕಣ್ಣು ಅದೇ ಮಟ್ಟದಲ್ಲಿರಬೇಕು. ಆರಂಭದಲ್ಲಿ ಮೇಲಿನ ಅಂಚು ನೋಡಿ ಕೊನೆಯಲ್ಲಿ ಕೆಳಗಿನ ಅಂಚು ನೋಡಿದರೆ ವ್ಯತ್ಯಾಸ ತಪ್ಪುತ್ತದೆ.

ಮೊಹರ್ ಲವಣ ಕೊಟ್ಟರೆ? ಆಗ ಬಿಸಿ ಮಾಡಬಾರದು. ಫೆರಸ್ ಕಬ್ಬಿಣವನ್ನು ಗಾಳಿಯ ಆಮ್ಲಜನಕವೇ ಉತ್ಕರ್ಷಿಸಿಬಿಡುತ್ತದೆ. ದ್ರಾವಣ ತಯಾರಿಸುವಾಗಲೇ ಸ್ವಲ್ಪ ದುರ್ಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಬೇಕು. ಇದರ ಮೋಲಾರ್ ದ್ರವ್ಯರಾಶಿ 392.

ನಾಲ್ಕನೇ ಹಂತ: ಲೆಕ್ಕ

ಪರ್ಮಾಂಗನೇಟ್‌ನಲ್ಲಿರುವ ಮ್ಯಾಂಗನೀಸ್ 5 ಎಲೆಕ್ಟ್ರಾನ್ ಪಡೆಯುತ್ತದೆ. ಆಕ್ಸಾಲಿಕ್ ಆಮ್ಲ 2 ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಕೊಡುಕೊಳ್ಳುವಿಕೆ ಸಮವಾಗಬೇಕಾದರೆ 2 ಮೋಲ್ ಪರ್ಮಾಂಗನೇಟ್‌ಗೆ 5 ಮೋಲ್ ಆಕ್ಸಾಲಿಕ್ ಆಮ್ಲ ಬೇಕು. ಮೊಹರ್ ಲವಣಕ್ಕಾದರೆ ಈ ಅನುಪಾತ 1:5.

ರೀಡಿಂಗ್‌ಗಳು 9.9, 9.8, 9.8 ಮಿ.ಲೀ. ಬಂದಿವೆ ಎಂದುಕೊಳ್ಳೋಣ. ಎರಡು ಬಾರಿ ಹೊಂದಿಕೆಯಾದ 9.8 ಅನ್ನು ತೆಗೆದುಕೊಳ್ಳಬೇಕು. ಮೂರರ ಸರಾಸರಿ ಅಲ್ಲ.

ಪರ್ಮಾಂಗನೇಟ್ ಮೋಲಾರಿಟಿ = (2 ÷ 5) × 0.05 × 10 ÷ 9.8 = 0.0204

ಪ್ರತಿ ಲೀಟರ್‌ಗೆ ಗ್ರಾಂ = 0.0204 × 158 = 3.22

ಇಲ್ಲಿ 158 ಎಂಬುದು ಪರ್ಮಾಂಗನೇಟ್‌ನ ಮೋಲಾರ್ ದ್ರವ್ಯರಾಶಿ. ಉತ್ತರವನ್ನು ಕ್ಯಾಲ್ಕುಲೇಟರ್ ತೋರಿಸಿದಷ್ಟು ಅಂಕಿಗಳಲ್ಲಿ ಬರೆಯುವ ಅಗತ್ಯ ಇಲ್ಲ. ಬ್ಯುರೆಟ್‌ನ ಅತಿ ಚಿಕ್ಕ ಭಾಗ 0.1 ಮಿ.ಲೀ. 10 ಮಿ.ಲೀ. ಅಳತೆಯಲ್ಲಿ ಅದು ಶೇ 1ರಷ್ಟಾಗುತ್ತದೆ. ಆದ್ದರಿಂದ 0.0204081 ಎಂದು ಬರೆದರೆ ಇಲ್ಲದ ನಿಖರತೆಯನ್ನು ಹೇಳಿಕೊಂಡಂತೆ.

ತಪ್ಪಾದರೆ ಉತ್ತರ ಯಾವ ಕಡೆ ವಾಲುತ್ತದೆ?

ಮೇಲಿನ ಪ್ರಯೋಗದಲ್ಲಿ ಬ್ಯುರೆಟ್ ರೀಡಿಂಗ್ ಹೆಚ್ಚಾದರೆ ಪರ್ಮಾಂಗನೇಟ್‌ನ ಸಾರತೆ ಕಡಿಮೆ ಎಂದು ಬರುತ್ತದೆ. ರೀಡಿಂಗ್ ಕಡಿಮೆಯಾದರೆ ಸಾರತೆ ಹೆಚ್ಚು ಎಂದು ಬರುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಸಾಕು.

ಸಾರತೆ ಕಡಿಮೆ ಎಂದು ತೋರಿಸುವ ತಪ್ಪುಗಳು:
- ಬ್ಯುರೆಟ್‌ನಲ್ಲಿ ನೀರು ಉಳಿದಿರುವುದು
- ಕೋನಿಕಲ್ ಫ್ಲಾಸ್ಕನ್ನು ಆಕ್ಸಾಲಿಕ್ ಆಮ್ಲದಿಂದ ತೊಳೆಯುವುದು
- ಮೂತಿಯ ಗಾಳಿಗುಳ್ಳೆ ಪ್ರಯೋಗದ ಮಧ್ಯೆ ಹೊರಹೋಗುವುದು
- ಪಿಪೆಟ್‌ನ ಕೊನೆಯ ಹನಿ ಊದುವುದು
- ಅಂತ್ಯಬಿಂದು ದಾಟಿ ಹಾಕುವುದು
- ಆಮ್ಲ ಸಾಲದೆ ಕಂದು ಕೆಸರು ಬರುವುದು

ಸಾರತೆ ಹೆಚ್ಚು ಎಂದು ತೋರಿಸುವ ತಪ್ಪುಗಳು:
- ಪಿಪೆಟ್‌ನಲ್ಲಿ ನೀರು ಉಳಿದಿರುವುದು
- ಬ್ಯುರೆಟ್ ಮೇಲೆ ಫನೆಲ್ ಬಿಟ್ಟು, ಅದರಿಂದ ಹನಿ ಒಳಗೆ ಬೀಳುವುದು

ಇವೆಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಒಂದೇ ಬಾರಿ ಪ್ರಯೋಗ ಮಾಡಿ, ಉಳಿದ ಎರಡು ರೀಡಿಂಗ್‌ಗಳನ್ನು ಮನಸ್ಸಿನಿಂದ ಬರೆಯುವುದು. ಮೂರು ಬಾರಿ ಅಳೆಯುವ ಉದ್ದೇಶವೇ ನಮ್ಮ ಕೈ ತಪ್ಪುತ್ತಿದೆಯೇ ಎಂದು ತಿಳಿಯುವುದು. ಬರೆದ ರೀಡಿಂಗ್ ಆ ತಪ್ಪನ್ನು ಹೇಳುವುದಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇದಕ್ಕೆ ಹೋಗುವುದು ಒಂದೆರಡು ಅಂಕ. ಕುಡಿಯುವ ನೀರಿನ ವಿಷಯದಲ್ಲಿ ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ನಾಗ್ಪುರದ ‘ನೀರಿ’ ಮತ್ತು ನಲ್ಗೊಂಡ ವಿಧಾನ

ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1958ರಲ್ಲಿ ನಾಗ್ಪುರದಲ್ಲಿ ಆರಂಭವಾಯಿತು. ಆಗ ಇದರ ಹೆಸರು ಕೇಂದ್ರೀಯ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ. 1974ರಲ್ಲಿ ಈಗಿನ ಹೆಸರು ಬಂತು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಅಡಿಯಲ್ಲಿರುವ ಈ ಸಂಸ್ಥೆ, 1970ರ ದಶಕದಲ್ಲಿ ನೀರಿನಿಂದ ಫ್ಲೋರೈಡ್ ತೆಗೆಯುವ ಕಡಿಮೆ ಖರ್ಚಿನ ವಿಧಾನವೊಂದನ್ನು ರೂಪಿಸಿತು. ಈಗ ತೆಲಂಗಾಣದಲ್ಲಿರುವ, ಫ್ಲೋರೈಡ್ ಪೀಡಿತ ನಲ್ಗೊಂಡ ಜಿಲ್ಲೆಯ ಹೆಸರೇ ಆ ವಿಧಾನಕ್ಕೆ ಬಂತು.

ಈ ಸಮಸ್ಯೆ ಕನ್ನಡಿಗರಿಗೂ ಹೊಸದಲ್ಲ. ತುಮಕೂರು ಜಿಲ್ಲೆಯ ಪಾವಗಡ, ಕೋಲಾರ ಹಾಗೂ ಚಿಕ್ಕಬಳ್ಳಾಪುರ ಜಿಲ್ಲೆಗಳ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ನಾಗ್ಪುರ ಇರುವ ವಿದರ್ಭದ ಯವತ್ಮಾಳ, ಚಂದ್ರಾಪುರ ಜಿಲ್ಲೆಗಳಲ್ಲೂ ಇದೇ ತೊಂದರೆ ಇದೆ. ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರ್‌ಗೆ 1 ಮಿ.ಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದರೆ ಗರಿಷ್ಠ 1.5 ಮಿ.ಗ್ರಾಂ. ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಲೆ, ನಂತರ ಮೂಳೆ ಮತ್ತು ಕೀಲುಗಳ ಬಿಗಿತ ಬರುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ನಲ್ಗೊಂಡ ವಿಧಾನದಲ್ಲಿ ನೀರಿಗೆ ಸುಣ್ಣ, ಬ್ಲೀಚಿಂಗ್ ಪೌಡರ್ ಮತ್ತು ಆಲಂ, ಅಂದರೆ ಅಲ್ಯೂಮಿನಿಯಂ ಸಲ್ಫೇಟ್ ಹಾಕಿ, ಮೊದಲು ವೇಗವಾಗಿ, ನಂತರ ನಿಧಾನವಾಗಿ ಕಲಕುತ್ತಾರೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ನ ಹತ್ತಿಯಂಥ ಗಸಿ ಉಂಟಾಗಿ, ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿನೀರನ್ನು ಸೋಸಿ ಬಳಸುತ್ತಾರೆ.

ಎಷ್ಟು ಆಲಂ ಹಾಕಬೇಕು ಎಂಬುದು ಎರಡು ಅಳತೆಗಳ ಮೇಲೆ ನಿಂತಿದೆ. ಒಂದು, ನೀರಿನ ಫ್ಲೋರೈಡ್ ಪ್ರಮಾಣ. ಇದನ್ನು ಎಲೆಕ್ಟ್ರೋಡ್ ಅಥವಾ ಬಣ್ಣದ ಗಾಢತೆ ಅಳೆಯುವ ಉಪಕರಣದಿಂದ ತಿಳಿಯುತ್ತಾರೆ. ಇನ್ನೊಂದು, ನೀರಿನ ಕ್ಷಾರೀಯತೆ. ಇದಕ್ಕೆ ಬೇಕಿರುವುದು ಬ್ಯುರೆಟ್.

ನೀರಿನ ಎರಡು ಟೈಟ್ರೇಷನ್‌ಗಳು

ಕ್ಷಾರೀಯತೆ: 50 ಮಿ.ಲೀ. ನೀರಿಗೆ ಮಿಥೈಲ್ ಆರೆಂಜ್ ಸೂಚಕ ಹಾಕಿ, 0.01 ಮೋಲಾರ್ ಸಲ್ಫ್ಯೂರಿಕ್ ಆಮ್ಲದಿಂದ ಟೈಟ್ರೇಟ್ ಮಾಡಬೇಕು. ಹಳದಿ ಬಣ್ಣ ಕಿತ್ತಳೆಗೆ ತಿರುಗಿದಾಗ ಅಂತ್ಯಬಿಂದು. ಈ ಆಮ್ಲದ 1 ಮಿ.ಲೀ. ಎಂದರೆ 1 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ. 15 ಮಿ.ಲೀ. ಖರ್ಚಾದರೆ:

15 × 1000 ÷ 50 = ಲೀಟರ್‌ಗೆ 300 ಮಿ.ಗ್ರಾಂ

ಗಡಸುತನ: 50 ಮಿ.ಲೀ. ನೀರಿಗೆ ಅಮೋನಿಯಾ ಬಫರ್ ಹಾಕಿ ಪಿಎಚ್ 10ಕ್ಕೆ ತಂದು, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ ಸೇರಿಸಿ, 0.01 ಮೋಲಾರ್ ಇಡಿಟಿಎ ಬಿಡಬೇಕು. ದ್ರಾಕ್ಷಾರಸದ ಕೆಂಪು ಬಣ್ಣ ನೀಲಿಯಾದಾಗ ನಿಲ್ಲಿಸಬೇಕು. ಇಲ್ಲೂ 1 ಮಿ.ಲೀ.ಗೆ 1 ಮಿ.ಗ್ರಾಂ. 21.5 ಮಿ.ಲೀ. ಖರ್ಚಾದರೆ ಗಡಸುತನ ಲೀಟರ್‌ಗೆ 430 ಮಿ.ಗ್ರಾಂ.

ಎರಡಕ್ಕೂ ಮಾನಕ ಬ್ಯೂರೋ ಹೇಳುವ ಮಿತಿ ಲೀಟರ್‌ಗೆ 200 ಮಿ.ಗ್ರಾಂ. ಬೇರೆ ಮೂಲ ಇಲ್ಲದಿದ್ದರೆ 600.

ಆಲಂ ಲೆಕ್ಕ: ಒಂದು ಮಿ.ಲೀ. ತಪ್ಪಿನ ಬೆಲೆ ಎಷ್ಟು?

ಆಲಂ ನೀರಿನ ಕ್ಷಾರೀಯತೆಯನ್ನು ತಿನ್ನುತ್ತದೆ. 18 ನೀರಿನ ಅಣುಗಳಿರುವ ಅಲ್ಯೂಮಿನಿಯಂ ಸಲ್ಫೇಟ್‌ನ 666 ಗ್ರಾಂ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 300 ಗ್ರಾಂ ಕ್ಷಾರೀಯತೆಯನ್ನು ಖರ್ಚು ಮಾಡುತ್ತದೆ. ಅಂದರೆ:

300 ÷ 666 = 0.45

ಪ್ರತಿ 1 ಮಿ.ಗ್ರಾಂ ಆಲಂಗೆ 0.45 ಮಿ.ಗ್ರಾಂ ಕ್ಷಾರೀಯತೆ ಹೋಗುತ್ತದೆ. ಲೀಟರ್‌ಗೆ 500 ಮಿ.ಗ್ರಾಂ ಆಲಂ ಹಾಕಿದರೆ 225 ಮಿ.ಗ್ರಾಂ ಕರಗಿಹೋಗುತ್ತದೆ. ನೀರಿನಲ್ಲಿ 300 ಇದ್ದರೆ 75 ಉಳಿಯುತ್ತದೆ. 200 ಮಾತ್ರ ಇದ್ದರೆ 25 ಕೊರತೆ. ಆಗ ಪಿಎಚ್ ಕುಸಿದು ಗಸಿ ಸರಿಯಾಗಿ ಕಟ್ಟುವುದಿಲ್ಲ, ಅಲ್ಯೂಮಿನಿಯಂ ನೀರಿನಲ್ಲೇ ಕರಗಿ ಉಳಿಯಬಹುದು. ಈ ಕೊರತೆ ತುಂಬಲೆಂದೇ ಸುಣ್ಣ. ನಲ್ಗೊಂಡ ವಿಧಾನದಲ್ಲಿ ಸುಣ್ಣದ ಪ್ರಮಾಣ ಸಾಮಾನ್ಯವಾಗಿ ಆಲಂನ ಇಪ್ಪತ್ತನೇ ಒಂದು ಭಾಗ. 40 ಲೀಟರ್ ಬಕೆಟ್‌ಗೆ ಇದೇ ಲೆಕ್ಕದಲ್ಲಿ 20 ಗ್ರಾಂ ಆಲಂಗೆ 1 ಗ್ರಾಂ ಸುಣ್ಣ.

ಈಗ ಬ್ಯುರೆಟ್ ರೀಡಿಂಗ್‌ನಲ್ಲಿ 1 ಮಿ.ಲೀ. ತಪ್ಪಾಯಿತು ಎಂದುಕೊಳ್ಳಿ. 50 ಮಿ.ಲೀ. ನೀರಿನ ಪರೀಕ್ಷೆಯಲ್ಲಿ ಅದು ಲೀಟರ್‌ಗೆ 20 ಮಿ.ಗ್ರಾಂ ಕ್ಷಾರೀಯತೆಯಾಗುತ್ತದೆ. ಆಲಂ ಲೆಕ್ಕದಲ್ಲಿ 20 ÷ 0.45, ಅಂದರೆ ಸುಮಾರು 44 ಮಿ.ಗ್ರಾಂ. 1,000 ಲೀಟರ್ ಟ್ಯಾಂಕ್‌ಗೆ 44 ಗ್ರಾಂ ವ್ಯತ್ಯಾಸ. ಮೂರು ರೀಡಿಂಗ್ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಉತ್ತರ ಇಲ್ಲ.

ಗಮನಿಸಿ: ಮೇಲಿನ ಪ್ರಮಾಣಗಳು ಲೆಕ್ಕ ಕಲಿಯಲು ಕೊಟ್ಟ ಉದಾಹರಣೆಗಳು ಮಾತ್ರ. ನೀರು ಪರೀಕ್ಷಿಸದೆ ಮನೆಯಲ್ಲಿ ಆಲಂ ಹಾಕಬಾರದು. ಅಂಗಡಿಯಲ್ಲಿ ಸಿಗುವ ಪಟಿಕ ಪೊಟ್ಯಾಸಿಯಂ ಇರುವ ಬೇರೆ ಲವಣ, ಅದಕ್ಕೆ ಈ ಲೆಕ್ಕ ಅನ್ವಯಿಸದು. ಜಲ ಜೀವನ್ ಮಿಷನ್ ಅಡಿ ಗ್ರಾಮಗಳಿಗೆ ನೀರು ಪರೀಕ್ಷಾ ಕಿಟ್ ಕೊಡಲಾಗಿದ್ದು, ಬಳಸಲು ಸ್ಥಳೀಯ ಮಹಿಳೆಯರಿಗೆ ತರಬೇತಿ ನೀಡಲಾಗುತ್ತಿದೆ. ಹೆಚ್ಚಿನ ಪರೀಕ್ಷೆಗೆ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳಿಗೆ ಸಾರ್ವಜನಿಕರೂ ಮಾದರಿ ಕೊಡಬಹುದು.

ಲ್ಯಾಬ್‌ನಲ್ಲಿ ಮರೆಯಬಾರದ ಸುರಕ್ಷತೆ

- ಸಲ್ಫ್ಯೂರಿಕ್ ಆಮ್ಲ ತೆಳು ಮಾಡುವಾಗ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಶೇ 98ರ ಆಮ್ಲದ ಸಾರತೆ ಸುಮಾರು 18.4 ಮೋಲಾರ್. 250 ಮಿ.ಲೀ. 2 ಮೋಲಾರ್ ದ್ರಾವಣಕ್ಕೆ 2 × 250 ÷ 18.4 = 27.2 ಮಿ.ಲೀ. ಸಾಕು. ಇದನ್ನು ಉಪನ್ಯಾಸಕರ ಸಮ್ಮುಖದಲ್ಲೇ ಮಾಡಬೇಕು.
- ಆಮ್ಲ ಮೈಮೇಲೆ ಬಿದ್ದರೆ ತಕ್ಷಣ ಹರಿಯುವ ನಲ್ಲಿ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು.
- ಕನ್ನಡಕ ಮತ್ತು ಹತ್ತಿಯ ಏಪ್ರನ್ ಕಡ್ಡಾಯ. ಉದ್ದ ಕೂದಲು, ದುಪಟ್ಟಾ ಕಟ್ಟಿಕೊಳ್ಳಬೇಕು.
- ಬಿಸಿ ಫ್ಲಾಸ್ಕನ್ನು ಬರಿಗೈಯಲ್ಲಿ ಹಿಡಿಯಬಾರದು.

ಪ್ರಾಕ್ಟಿಕಲ್‌ಗೆ ಹೋಗುವ ಮುನ್ನ ಒಮ್ಮೆ ಮನೆಯ ನೀರನ್ನೇ ಕಾಲೇಜಿಗೆ ಬಾಟಲಿಯಲ್ಲಿ ತೆಗೆದುಕೊಂಡು ಹೋಗಿ, ಉಪನ್ಯಾಸಕರನ್ನು ಕೇಳಿ ಅದರ ಗಡಸುತನ ಅಳೆದು ನೋಡಿ. ಮೂರು ರೀಡಿಂಗ್‌ಗಳನ್ನೂ ನಿಜವಾಗಿಯೇ ತೆಗೆದುಕೊಳ್ಳಿ. ಬರುವ ಸಂಖ್ಯೆ ನಿಮ್ಮ ಮನೆಯವರು ದಿನವೂ ಕುಡಿಯುವ ನೀರಿನದ್ದು.